ಮೂರು ಸಲ ಕೂಗುವುದರೊಳಗೆ

“ಸದ್ದೇ? ಯಾವ ಸದ್ದು? ಎಂಜಿನ್ ಅಂದ್ಮೇಲೆ ಸದ್ದು ಮಾಡ್ದೆ ಸುಮ್ನಿರುತ್ತಾ?” ಎಂದರು ಮಾವ. ದೋಣಿಯ ನಡುವಿನ ಸೀಟಿನಲ್ಲಿ, ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟಿನೊಳಗೆ ಗಲ್ಲದವರೆಗೂ ಇಳಿದು, ಎರಡೂ ಮಂಡಿಗಳ ಮೇಲೆ ಅಂಗೈ ಊರಿ, ಆಗಲೇ ಆಚೆ ದಡ ಮುಟ್ಟಿದವರ ಗಾಂಭೀರ್ಯದಲ್ಲಿ ಅವರು ಕೂತಿದ್ದರು. ದೋಣಿ ಮಾತ್ರ ಈಚೆ ದಡದ ಕಟ್ಟೆಯ ಕೊಂಡಿಗೆ ಹಗ್ಗ ಬಿಗಿಸಿಕೊಂಡು ನಿಂತಲ್ಲೇ ನಡುಗುತ್ತಿತ್ತು.

“ಎಂಜಿನ್‌ದಲ್ಲ ಮಾವ, ಇನ್ನೊಂದು...” ಎಂದು ಬಾಯಿ ತೆರೆದ ಕಿರಿಯ ಅಳಿಯನ ಪಾದವನ್ನು ಷಡ್ಡಕ ತನ್ನ ಬೂಟಿನ ತುದಿಯಿಂದ ಮೆಲ್ಲಗೆ ಒತ್ತಿದ. ಆಮೇಲೆ ಮಾವನ ಕಡೆ ತಿರುಗಿ, ತುಟಿಗಳನ್ನು ಅಗಲವಾಗಿ ಆಡಿಸುತ್ತ, “ಏನಿಲ್ಲ ಮಾವ, ಎಂಜಿನ್ ಸ್ವಲ್ಪ ಬಿಸಿ ಆಗ್ಲಿ ಅಂತ ಕಾಯ್ತಿದೀವಿ,” ಎಂದ.

“ಆಗ್ಲಿ, ಆಗ್ಲಿ. ಬಿಸಿ ಆಗ್ದೆ ಯಾವ್ದೂ ನಡಿಯಲ್ಲ.”

ಬಿಸಿಯೇನೋ ಆಗಿತ್ತು. ಆಗಬೇಕಾದದ್ದಕ್ಕಿಂತ ಹೆಚ್ಚೇ ಆಗಿದೆ ಎಂದು ಹೇಳುವುದಕ್ಕೇ ಸ್ಟೀರಿಂಗಿನ ಕೆಳಗಿನ ಪುಟ್ಟ ಕರಿಯ ಡಬ್ಬಿ ಪೀಂ ಎಂದು ಒಂದೇ ಉಸಿರಿನಲ್ಲಿ ಕೂಗಿಕೊಳ್ಳುತ್ತಿತ್ತು. ಹಲ್ಲಿನ ಮೇಲೆ ಸೂಜಿ ಎಳೆದಂಥ ಸದ್ದು. ದಡದಲ್ಲಿ ಗಾಳ ಹಾಕಿ ಕೂತಿದ್ದ ಇಬ್ಬರು ಮುಖ ಸಿಂಡರಿಸಿ ಇತ್ತ ನೋಡಿದರು. ಕಟ್ಟೆಯ ಮೇಲೆ ಮಲಗಿದ್ದ ನಾಯಿ ಎದ್ದು, ಒಂದು ಸುತ್ತು ಸುತ್ತಿ, ದೂರ ಹೋಗಿ ಮಲಗಿತು. ಬುಟ್ಟಿ ಹಿಡಿದು ನಿಂತಿದ್ದ ಕಿರಿಯ ಅಳಿಯನ ಹೆಂಡತಿ ಒಂದು ಕಿವಿಯನ್ನು ಭುಜಕ್ಕೆ ಒತ್ತಿಕೊಂಡಳು. ಅವಳ ಅಕ್ಕ, ಷಡ್ಡಕನ ಹೆಂಡತಿ, ಎರಡೂ ಕಿವಿಗಳನ್ನು ಸೆರಗಿನೊಳಗೆ ಸೇರಿಸಿ, ತಂದೆ ಇತ್ತ ತಿರುಗಿದಾಗ ಚಳಿಗೆ ಹೊದ್ದವಳಂತೆ ನಟಿಸಿದಳು. ಕೆರೆ, ಆಕಾಶ, ನಾಯಿ, ಪರಕೀಯರು, ಸ್ವಂತ ಮಕ್ಕಳು ಎಲ್ಲರಿಗೂ ಕೇಳುತ್ತಿದ್ದ ಆ ಸದ್ದು ಒಬ್ಬರಿಗೆ ಮಾತ್ರ ಕೇಳುತ್ತಿರಲಿಲ್ಲ. ಆ ಒಬ್ಬರಿಗೆ ಕೇಳದ ಕಾರಣ, ಈ ಕುಟುಂಬದ ಮಟ್ಟಿಗೆ, ಸದ್ದೇ ಇರಲಿಲ್ಲ.

ಕಿವಿ ಪರೀಕ್ಷೆಯೇ ಕಿರಿಯ ಅಳಿಯನ ಕಸುಬು. ದಿನವಿಡೀ ಗಾಜಿನ ಕಿಟಕಿಯ ಈಚೆ ಕೂತು ಗುಂಡಿ ಒತ್ತುವುದು, ಆಚೆ ದಪ್ಪ ಗೋಡೆಯ ಗೂಡಿನೊಳಗೆ ಹೆಡ್‌ಫೋನು ತೊಟ್ಟು ಕೂತವರು ಸದ್ದು ಕೇಳಿದಾಗ ಕೈ ಎತ್ತುವುದನ್ನು ನೋಡುವುದು. ಹಾಗಾಗಿ ಯಾವ ಪೀಂಗೆ ಎಂಥ ಕಿವಿ ಏಳುತ್ತದೆ, ಎಂಥದು ಮಲಗುತ್ತದೆ ಎಂದು ನಿದ್ದೆಯಲ್ಲೂ ಹೇಳಬಲ್ಲ. ಮಾವನ ಕಿವಿಗೆ ಎಂಜಿನ್ನಿನ ಗುಡುಗುಡು ಚೆನ್ನಾಗಿ ಸಿಗುತ್ತದೆ, ಗಂಡಸರ ಗಡಸು ದನಿ ಅರ್ಧಂಬರ್ಧ ಸಿಗುತ್ತದೆ, ಮೇಲಿನ ಶ್ರುತಿಯ ಯಾವುದೂ ಸಿಗುವುದಿಲ್ಲ. ಹಕ್ಕಿ, ಕುಕ್ಕರು, ಕರೆಗಂಟೆ, ಹೆಣ್ಣುಮಕ್ಕಳ ಮಾತು. ಇದು ಅವನಿಗೆ ಗೊತ್ತು. ಎಲ್ಲರಿಗೂ ಗೊತ್ತು. ಎಲ್ಲರಿಗೂ ಗೊತ್ತಿರುವುದು ಎಲ್ಲರಿಗೂ ಗೊತ್ತು. ಅತ್ತೆ ಇದ್ದಷ್ಟು ಕಾಲ ಬಾಗಿಲು ಬಡಿದರೆ ಅವರು ಗಂಡನ ಮೊಣಕೈ ಮುಟ್ಟುತ್ತಿದ್ದರು, ಅಷ್ಟೇ. ‘ಯಾರೋ ಬಂದ್ರು’ ಎಂದು ಮಾವನೇ ಮೊದಲು ಎದ್ದು ಹೋಗುತ್ತಿದ್ದರು, ಮನೆಯಲ್ಲಿ ತಮ್ಮಷ್ಟು ಚುರುಕು ಕಿವಿ ಇನ್ನೊಂದಿಲ್ಲ ಎಂಬಂತೆ. ಅತ್ತೆ ಹೋದ ಮೇಲೆ ಆ ಮೊಣಕೈಯ ಡ್ಯೂಟಿ ಹೆಣ್ಣುಮಕ್ಕಳಿಗೆ ಬಂತು, ಹೆಣ್ಣುಮಕ್ಕಳಿಂದ ಅಳಿಯಂದಿರಿಗೆ. ಕಿವುಡನ ಮುಂದೆ ಶಂಖ ಎನ್ನುವ ಗಾದೆ ಆ ಮನೆಯಲ್ಲಿ ಯಾರೂ ಹೇಳದೆಯೇ ಬಳಕೆ ತಪ್ಪಿತು. ಅಂಥ ಸಂದರ್ಭ ಬಂದರೆ ಕೋಣನ ಮುಂದಿನ ಕಿನ್ನರಿಯಲ್ಲೇ ಸುಧಾರಿಸುತ್ತಿದ್ದರು.

“ಆಫ್ ಮಾಡಿ ಭಾವ, ಮೊದ್ಲು ಆಫ್ ಮಾಡಿ,” ಎಂದ ಅವನು, ತುಟಿ ಆಡಿಸದೆ.

ಷಡ್ಡಕ ಕೀಲಿ ತಿರುಗಿಸಿದ. ಎಂಜಿನ್ ಕೆಮ್ಮಿ ನಿಂತಿತು. ಪೀಂ ನಿಂತಿತು. ಅಷ್ಟೂ ಜನರ ಭುಜಗಳು ಒಂದಂಗುಲ ಇಳಿದವು. ಮಾವ ಮಾತ್ರ, “ಯಾಕೆ ನಿಲ್ಲಿಸ್ದೆ? ಚೆನ್ನಾಗೇ ಓಡ್ತಿತ್ತಲ್ಲ,” ಎಂದರು.

ಚೆನ್ನಾಗಿ ಓಡುತ್ತಿತ್ತು ಎಂದು ಅವರು ಹೇಳುವುದರಲ್ಲಿ ಹೊಟ್ಟೆಕಿಚ್ಚುಪಡುವಂಥ ನಂಬಿಕೆಯಿತ್ತು. ಮಾವ ಹರಾಜು ಕೂಗುವವರು. ಮುಚ್ಚಿದ ಕಾರ್ಖಾನೆಗಳ ಯಂತ್ರ, ದಿವಾಳಿಯೆದ್ದವರ ಮೇಜು ಕುರ್ಚಿ, ವಾರಸುದಾರರಿಲ್ಲದ ಪೆಟ್ಟಿಗೆ, ಹೀಗೆ ಒಬ್ಬರ ಕೈಬಿಟ್ಟದ್ದನ್ನು ಇನ್ನೊಬ್ಬರ ಕೈಗೆ ದಾಟಿಸುವುದರಲ್ಲೇ ಆಯುಷ್ಯ ಕಳೆದವರು. ಈ ದೋಣಿಯೂ ಹಾಗೆ ಬಂದದ್ದೇ. ಮೂರು ಸಲ ಕೂಗಿದರೂ ಒಂದು ಕೈಯೂ ಏಳಲಿಲ್ಲವೆಂದು ಅವಮಾನವಾಗಿ ಅವರೇ ಇಟ್ಟುಕೊಂಡರು. ಆಮೇಲೆ ಅದು ಗೋದಾಮಿನ ಹಿಂದೆ ಟಾರ್ಪಾಲು ಹೊದ್ದು, ಅದರ ಮೇಲೆ ಹಳೆಯ ಬಾಗಿಲುಗಳನ್ನು ಹೇರಿಸಿಕೊಂಡು, ಬಾಗಿಲುಗಳ ಮೇಲೆ ಬೆಕ್ಕು ಮರಿ ಹಾಕಿ, ಆ ಮರಿಗಳೂ ಮರಿ ಹಾಕಿ, ವರ್ಷಗಳೇ ಮಲಗಿತ್ತು. ಮೊನ್ನೆ ಊಟದ ನಡುವೆ ಮಾವ ತಟ್ಟೆಯಿಂದ ತಲೆಯೆತ್ತಿ, ‘ಈ ಭಾನುವಾರ ದೋಣಿ ನೀರಿಗೆ. ಎಲ್ಲರೂ ಆಚೆ ದಡಕ್ಕೆ,’ ಎಂದರು. ‘ಒಂದು ಸಲ... ಎರಡು ಸಲ... ಮೂರು ಸಲ.’ ಬೆರಳ ಗೆಣ್ಣಿನಿಂದ ಮೇಜಿಗೆ ಒಂದೇಟು. ಆಯಿತು, ನಿಶ್ಚಯವಾಯಿತು. ಆ ಮನೆಯಲ್ಲಿ ಗೋಡೆಗೆ ಬಣ್ಣ, ಮಗಳ ಕಾಲೇಜು, ಟಿವಿಯ ಜಾಗ, ಮಗಳ ಮದುವೆ, ಎಲ್ಲವೂ ತೀರ್ಮಾನವಾದದ್ದು ಹೀಗೆಯೇ. ಬೇಡ ಅನ್ನುವವರು ಮೂರನೆಯ ಸಲದೊಳಗೆ ಅನ್ನಬೇಕು. ಇದು ಪ್ರಜಾಪ್ರಭುತ್ವ ಎಂದು ಮಾವ ನೆಂಟರಿಗೆಲ್ಲ ಹೇಳುತ್ತಿದ್ದರು: ‘ನಮ್ಮನೇಲಿ ನಾನು ಯಾರ ಮೇಲೂ ಒತ್ತಾಯ ಮಾಡಿಲ್ಲಪ್ಪ. ಕೇಳ್ತೀನಿ. ಇವತ್ತಿನವರೆಗೆ ಒಬ್ರೂ ಬೇಡ ಅಂದಿಲ್ಲ.’

“ಆಯಿಲ್ ನೋಡೋಣ,” ಎಂದ ಷಡ್ಡಕ. ಅವನದು ಡ್ರೈವಿಂಗ್ ಸ್ಕೂಲು. ಚಕ್ರವಿರುವ ಎಲ್ಲವೂ ತನಗೆ ಗೊತ್ತೆಂದೂ, ಚಕ್ರವೇ ಇಲ್ಲದ ದೋಣಿ ಅದಕ್ಕಿಂತ ಸುಲಭವೆಂದೂ ಅವನು ಬೆಳಿಗ್ಗೆಯಿಂದ ಹೇಳುತ್ತಿದ್ದ. ಆಯಿಲ್ ಡಬ್ಬಿ ತುಂಬಿತ್ತು. ಬ್ಯಾಟರಿಯ ತಲೆಗಳನ್ನು ಕರವಸ್ತ್ರದಿಂದ ಒರೆಸಿ, ಅಲ್ಲಾಡಿಸಿ, ಬಿಗಿದರು. ಡ್ಯಾಶ್‌ಬೋರ್ಡಿನ ಮೇಲೆ ಷಡ್ಡಕ ಎರಡು ಸಲ ಗುದ್ದಿದ, ನಿದ್ದೆ ಹೋದ ಶಿಷ್ಯನನ್ನು ಎಬ್ಬಿಸುವವನ ಹಾಗೆ. “ಏನಿಲ್ಲ ಡಾಕ್ಟ್ರೆ, ಎಷ್ಟೋ ವರ್ಷ ಮಲಗಿದ್ದ ಗಾಡಿ. ಎದ್ದ ತಕ್ಷಣ ಯಾರಾದ್ರೂ ಕಿರಿಕಿರಿ ಮಾಡ್ತಾರೆ.”

ಡಾಕ್ಟ್ರೆ ಎನ್ನುವುದರಲ್ಲಿ ಒಂದು ಮುಳ್ಳಿತ್ತು. ನೆಂಟರ ಮುಂದೆ ಅವನನ್ನು ಮಾವ ‘ನಮ್ಮ ಕಿವಿ ಡಾಕ್ಟ್ರು’ ಎಂದು ಪರಿಚಯಿಸುತ್ತಿದ್ದರು. ನೆಂಟರು ಹೋದ ಮೇಲೆ, ಅವನು ಕೈ ತೊಳೆಯಲು ಎದ್ದಾಗ, ‘ಗುಂಡಿ ಒತ್ತೋದಕ್ಕೂ ಸಂಬಳ ಕೊಡ್ತಾರೆ ನೋಡು ಈ ಕಾಲದಲ್ಲಿ’ ಎಂದು ದೊಡ್ಡ ದನಿಯಲ್ಲಿ ಪಿಸುಗುಟ್ಟುತ್ತಿದ್ದರು. ತಮ್ಮ ಪಿಸುಮಾತು ಎಷ್ಟು ದೊಡ್ಡದೆಂದು ಕಿವಿ ಮಂದವಾದವರಿಗೆ ತಿಳಿಯುವುದಿಲ್ಲ. ಇದೂ ಅವನ ಕಸುಬಿನ ತಿಳಿವಳಿಕೆಯೇ. ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು, ನೀರಿನ ಸದ್ದಿನ ಹಿಂದೆ ನಿಂತು, ಅವನು ಆ ಮಾತನ್ನು ಪ್ರತಿ ಸಲವೂ ಪೂರ್ತಿ ಕೇಳಿಸಿಕೊಂಡಿದ್ದಾನೆ.

ಕಟ್ಟೆಯ ಕಾವಲುಗಾರ ಮಡಚುವ ಸ್ಟೂಲನ್ನು ದೋಣಿಯ ಹತ್ತಿರಕ್ಕೇ ತಂದು ಹಾಕಿಕೊಂಡು, ನಾಟಕಕ್ಕೆ ಬಂದವನ ಹಾಗೆ ಕೂತ. “ಎಲ್ಲಾ ದೋಣಿನೂ ಮೊದಮೊದ್ಲು ಕೂಗ್ತವೆ ಸಾರ್. ನಮ್ಮ ಸಂಘದ ಕಾರ್ಯದರ್ಶಿ ಥರ. ನಾಲ್ಕು ದಿನ ಕೂಗಿ ತಾನೇ ಸುಮ್ಮನಾಗ್ತಾನೆ.”

“ನೋಡಿದ್ರಾ?” ಎಂದ ಷಡ್ಡಕ.

“ಹೋದ ಸಲ ಒಬ್ರದ್ದು ಹೀಗೇ ಕೂಗ್ತಿತ್ತು. ಏನಾಗಲ್ಲ ಅಂತ ಹೋದ್ರು.”

“ಏನಾಯ್ತು?” ಎಂದು ಹೆಂಡತಿ ಕೇಳಿದಳು.

“ನಡು ನೀರಲ್ಲಿ ಎಂಜಿನ್ ಕಚ್ಕೊಂಡು ನಿಂತುಬಿಡ್ತಮ್ಮ. ಅಲ್ಲಿ ನೋಡಿ, ಕೆಂಪು ಪೀಪಾಯಿ ತೇಲ್ತಿದೆಯಲ್ಲ ಸಾಲಾಗಿ, ಅದರಾಚೆ ತೂಬು. ನೀರು ಎಳ್ಕೊಳ್ಳುತ್ತೆ. ಜನಾನ ಹಿಡ್ಕೊಂಡ್ವಿ. ದೋಣಿ ಅರ್ಧ ಸಿಕ್ತು.” ಯಾವ ಅರ್ಧ ಎಂದು ಯಾರೂ ಕೇಳಲಿಲ್ಲ. ಕಾವಲುಗಾರ ಕಿವಿಯಲ್ಲಿ ಸಿಕ್ಕಿಸಿದ್ದ ಕಡ್ಡಿ ತೆಗೆದು ಹಲ್ಲು ಕೆದಕಿಕೊಳ್ಳತೊಡಗಿದ.

ಎಂಜಿನ್ ಓಡುವಾಗ ಅದರ ಬೆನ್ನಿನ ಸಣ್ಣ ತೂತಿನಿಂದ ನೀರಿನ ಎಳೆಯೊಂದು ಚಿಮ್ಮುತ್ತಿರಬೇಕು ಎಂದು ಕಿರಿಯ ಅಳಿಯ ರಾತ್ರಿ ಓದಿಕೊಂಡು ಬಂದಿದ್ದ. ಕೆಳಗಿನ ಪಂಪು ಕೆರೆಯ ನೀರನ್ನೇ ಹೀರಿ, ಎಂಜಿನ್ನಿನ ಮೈಯೆಲ್ಲ ತಂಪು ಮಾಡಿ, ನಾನು ಬದುಕಿದ್ದೇನೆ ಎಂದು ತೋರಿಸಲು ಒಂದಿಷ್ಟನ್ನು ಹೊರಕ್ಕೆ ಉಗುಳುತ್ತದಂತೆ. ಬಗ್ಗಿ ನೋಡಿದರೆ ತೂತಿನ ಬಾಯಿಗೆ ಒಣಮಣ್ಣು ಮೆತ್ತಿತ್ತು. ಮಣ್ಣಿನ ಗೂಡು ಕಟ್ಟುವ ಕಣಜದ ಹುಳ, ಇಷ್ಟು ದೊಡ್ಡ ಭೂಮಂಡಲದಲ್ಲಿ, ಮಾವನ ದೋಣಿಯ ಇದೇ ತೂತನ್ನು ಆರಿಸಿಕೊಂಡಿತ್ತು. ಅವನು ಹೆಂಡತಿಯ ಹೇರ್‌ಪಿನ್ ಕೇಳಿ, ನೇರ ಮಾಡಿ, ಚುಚ್ಚಿ ತಿರುಗಿಸಿದ. ಹುರಿಗಡಲೆಯಷ್ಟು ಗಾತ್ರದ ಹೆಂಟೆಯೊಂದು ಕಳಚಿ ನೀರಿಗೆ ಬಿತ್ತು.

“ಸಿಕ್ತು,” ಎಂದ, ತನ್ನ ದನಿ ತನಗೇ ಹೊಸದಾಗಿ ಕೇಳಿಸುವಂತೆ.

ಷಡ್ಡಕ ಕೂಡ ಬಗ್ಗಿ ನೋಡಿ, “ಪರವಾಗಿಲ್ವೇ ಡಾಕ್ಟ್ರೆ. ಕಿವಿ ಕ್ಲೀನ್ ಮಾಡಿ ಅಭ್ಯಾಸ,” ಎಂದ. ಅತ್ತಿಗೆ ನಕ್ಕಳು. ಹೆಂಡತಿಯ ಮುಖದಲ್ಲಿ, ಅವಳು ಅಡಗಿಸುವುದರೊಳಗೆ, ಒಂದು ಹೆಮ್ಮೆ ಹಾದುಹೋಯಿತು. ಏನಾಯಿತೆಂದು ತಿಳಿಯದಿದ್ದರೂ ನಗುತ್ತಿದ್ದವರ ಮುಖಗಳನ್ನು ನೋಡಿ ಮಾವನೂ ನಕ್ಕು, “ಶಹಭಾಷ್” ಎಂದರು. ಆ ಒಂದು ನಿಮಿಷ ಅವನು ಈ ಕುಟುಂಬದ ಅಳಿಯನಾಗಿದ್ದ. ಕೈಗಂಟಿದ ಮಣ್ಣನ್ನು ತೊಳೆದುಕೊಳ್ಳದೆ, ಎಲ್ಲರಿಗೂ ಕಾಣುವ ಹಾಗೆ ಬೆರಳು ಬಿಡಿಸಿಕೊಂಡು ನಿಂತ. ಷಡ್ಡಕ ಕೀಲಿ ತಿರುಗಿಸಿದ. ಎಂಜಿನ್ ಗುಡುಗಿತು. ತೂತಿನಿಂದ ಎರಡು ಹನಿ ಬಂತು, ಮೂಗು ಸೋರಿದ ಹಾಗೆ. ಮತ್ತೆ ಬರಲಿಲ್ಲ. ಅವನು ಹೆಂಟೆ ಇನ್ನೂ ಇರಬಹುದೆಂದು ಪಿನ್ನನ್ನು ಪೂರ್ತಿ ತೂರಿಸಿದ. ಅದು ಸಲೀಸಾಗಿ ಒಳಹೋಗಿ ಸಲೀಸಾಗಿ ಹೊರಬಂತು. ದಾರಿ ಖಾಲಿಯಿತ್ತು, ನೀರೇ ಇರಲಿಲ್ಲ. ಪಂಪಿನೊಳಗಿನ ರಬ್ಬರ್ ಚಕ್ರ ಇಷ್ಟು ವರ್ಷ ಒಣಗಿ, ಮಡಚಿದ್ದು ಮಡಚಿದಂತೆಯೇ ಸೆಟೆದಿರಬೇಕು. ಅದನ್ನು ಬಿಚ್ಚಿ ಬದಲಿಸದೆ ಗತಿಯಿಲ್ಲ. ಹೀಗೆಂದುಕೊಳ್ಳುವಷ್ಟರಲ್ಲಿ ಕರಿಯ ಡಬ್ಬಿ ಮತ್ತೆ ಪೀಂ ಎಂದಿತು. ಗಾಳದವರಲ್ಲಿ ಒಬ್ಬ ಏನೋ ಬೈದ.

“ಹೊರಡೋಣ್ವಾ?” ಎಂದರು ಮಾವ.

ಅವರು ಒಮ್ಮೆ ಅವನ ಆಸ್ಪತ್ರೆಗೆ ಬಂದಿದ್ದರು. ಪರೀಕ್ಷೆಗಲ್ಲ, ಅಳಿಯ ಕೆಲಸ ಮಾಡುವ ಜಾಗ ನೋಡಲಿಕ್ಕೆ. ಹಾಗೆಂದು ಎರಡು ಸಲ ಹೇಳಿದ್ದರು. ಬಂದವರು ಗೂಡಿನೊಳಗಿನ ಕುರ್ಚಿಯಲ್ಲಿ ಕೂತು, ‘ಹಾಕಪ್ಪ, ಇದನ್ನೂ ಒಂದ್ಸಲ ನೋಡೇಬಿಡೋಣ’ ಎಂದು ಹೆಡ್‌ಫೋನನ್ನು ತಾವೇ ತಲೆಗೇರಿಸಿಕೊಂಡರು. ಅವನು ಗುಂಡಿ ಒತ್ತಿದ, ಅವರು ಕೈ ಎತ್ತಿದರು. ಒತ್ತಿದ, ಎತ್ತಿದರು. ಕೇಳಿಸಲು ಸಾಧ್ಯವೇ ಇಲ್ಲದ ಸದ್ದಿಗೂ ಕೈ ನೆಟ್ಟಗೆ ಎದ್ದಿತು. ಆಗ ನೋಡಿದ: ಮಾವನ ಕಣ್ಣು ಗಾಜಿನಾಚೆಗೆ, ತನ್ನ ತೋರುಬೆರಳಿನ ಮೇಲಿತ್ತು. ನೂರಾರು ಜನರ ಗುಂಪಿನಲ್ಲಿ ಯಾರ ಹುಬ್ಬು ಏರಿತು, ಯಾರ ಬೆರಳು ಅಲುಗಿತು ಎಂದು ಹಿಡಿದ ಕಣ್ಣು. ಬೆರಳನ್ನು ಮೇಜಿನ ಕೆಳಗೆ ಸರಿಸಿದ್ದರೆ ಸಾಕಿತ್ತು, ಅದು ಯಾರಿಗಾದರೂ ಮಾಡುವ ಮಾಮೂಲು ಕೆಲಸ. ಅವನು ಸರಿಸಲಿಲ್ಲ. ಅಷ್ಟೇ ಅಲ್ಲ, ಸ್ವಲ್ಪ ಮೇಲಕ್ಕೆತ್ತಿ, ಚೆನ್ನಾಗಿ ಕಾಣುವಂತೆ ಒತ್ತಿದ. ‘ಹದಿನೆಂಟರ ಕಿವಿ ಮಾವ ನಿಮ್ಮದು’ ಎಂದ. ಮಾವ ಅದನ್ನು ಮದುವೆ ಮನೆಗಳಲ್ಲಿ, ಬ್ಯಾಂಕಿನ ಸಾಲಿನಲ್ಲಿ, ಸಾವಿನ ಮನೆಯಲ್ಲೂ ಹೇಳಿದರು: ‘ನಮ್ಮ ಕಿವಿ ಡಾಕ್ಟ್ರೇ ಹೇಳಿದ್ದು, ಹದಿನೆಂಟರದ್ದು.’ ಆ ಸಂಜೆ ಮನೆಗೆ ಹೋಗುವಾಗ ತನಗೆ ಒಂದು ಬಗೆಯ ಸಂತೋಷವೂ ಆಗಿತ್ತಲ್ಲ. ದಯೆ ತೋರಿಸಿದ ಸಂತೋಷವೋ, ಸೇಡು ತೀರಿಸಿಕೊಂಡ ಸಂತೋಷವೋ? ಒಬ್ಬ ಮನುಷ್ಯನನ್ನು ಅವನ ಸುಳ್ಳಿನೊಳಗೇ ಕೂರಿಸಿ ಹೊರಗಿನಿಂದ ಚಿಲಕ ಹಾಕಿದಂಥದ್ದು. ಎರಡಕ್ಕೂ ಬಾಯಿಯ ರುಚಿ ಒಂದೇ ಇತ್ತು.

ಷಡ್ಡಕ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿದ್ದ. ಅವನ ಬೆನ್ನು ಮಾತ್ರ ಕಾಣುತ್ತಿತ್ತು. “ಇಲ್ಲಿದೆ ನೋಡಿ ಕಳ್ಳ. ಎರಡೇ ವೈರು,” ಎಂದ. ಟಕ್ ಎಂದು ಏನೋ ಕಳಚಿತು. ಪೀಂ ನಿಂತಿತು. ಎಂಜಿನ್ ಓಡುತ್ತಲೇ ಇತ್ತು. ಎದ್ದು ನಿಂತ ಅವನ ಮುಖ ಬೆವರಿ ಹೊಳೆಯುತ್ತಿತ್ತು. “ರಿಪೇರಿ ಆಯ್ತು.”

“ಅದು ರಿಪೇರಿ ಅಲ್ಲ ಭಾವ. ಬಾಯಿ ಮುಚ್ಚಿಸಿದ್ದು. ನೀರು ಬರ್ತಿಲ್ಲ, ಪಂಪು ಹೋಗಿದೆ.”

“ಹೋಗಿ ಬರೋದು ಎಷ್ಟೊತ್ತು? ಆಚೆ ದಡ ಇಲ್ಲೇ ಕಾಣ್ತಿದೆ.”

“ನಡುವೆ ನಿಂತ್ರೆ?”

“ಯಾಕೆ ನಿಲ್ಲುತ್ತೆ? ನಾನಿದೀನಲ್ಲ,” ಎಂದ ಷಡ್ಡಕ. ಅವನ ಧೈರ್ಯದ ಮೂಲ ಕಿರಿಯ ಅಳಿಯನಿಗೆ ಗೊತ್ತಿತ್ತು. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವನ ಕಾಲಡಿಯೂ ಒಂದು ಬ್ರೇಕಿರುತ್ತದೆ. ಆ ಎರಡನೆಯ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಡೀ ಜೀವನ ಕೂತವನಿಗೆ, ಅದಿಲ್ಲದ ಜಗತ್ತೊಂದಿದೆ ಎಂದು ನಂಬಿಸುವುದು ಹೇಗೆ? ಈಗಲೂ ಅವನ ಬಲಗಾಲು ದೋಣಿಯ ಬರಿನೆಲವನ್ನು ಅಮುಕುತ್ತಿತ್ತು.

ಕಿರಿಯವನು ಕಟ್ಟೆಗೆ ಹತ್ತಿ ಹೆಂಡತಿಯ ಹತ್ತಿರ ಹೋದ. “ನಿಮ್ಮಪ್ಪಂಗೆ ನೀನು ಹೇಳು.”

“ಏನಂತ?”

“ದೋಣಿ ಕೂಗ್ತಿದೆ ಅಂತ.”

“ಕೂಗ್ತಿಲ್ವಲ್ಲ ಈಗ.”

“ನಿಂಗೆ ಗೊತ್ತು ನಾನೇನು ಹೇಳ್ತಿದೀನಿ ಅಂತ.”

“ಗೊತ್ತು ರೀ. ಅದಕ್ಕೇ ಬೆಳಿಗ್ಗೆನೇ ಹೇಳಿದ್ದು, ಕಿವಿ ವಿಷಯ ಎತ್ಬೇಡಿ ಅಂತ. ನಾನು ಹೇಳಿದ್ರೆ ಅವರಿಗೆ ಕೇಳ್ಸೋದಾದ್ರೂ ಉಂಟಾ? ಹುಟ್ಟಿದಾಗಿಂದ ಹೇಳ್ತಾನೇ ಇದೀನಿ.” ಅವಳು ಬುಟ್ಟಿಯ ಮುಚ್ಚಳ ತೆಗೆದು, ಒಳಗಿರುವುದೆಲ್ಲ ಇದೆಯೇ ಎಂದು ನೋಡಿ, ಮುಚ್ಚಿದಳು. “ಅಮ್ಮ ಇದ್ದಿದ್ರೆ ಮೊಣಕೈ ಮುಟ್ಟಿ ಇಳಿಸ್ಬಿಡ್ತಿದ್ರು. ನಮಗೆ ಆ ಕಲೆ ಬರಲ್ಲ.” ಹಾಗೆಂದು ಅಕ್ಕನ ಹಿಂದೆಯೇ ದೋಣಿಗೆ ಇಳಿದು, ಲೈಫ್ ಜಾಕೆಟ್ಟಿನ ಪಟ್ಟಿ ಕಟ್ಟಿಕೊಳ್ಳತೊಡಗಿದಳು. ಈಜು ಬಾರದ ಇಬ್ಬರು ಹೆಣ್ಣುಮಕ್ಕಳು ತಂದೆಯ ಕಿವಿಗಿಂತ ಕೆರೆಯೇ ಸುಲಭವೆಂದು ತೀರ್ಮಾನಿಸಿದ ಹಾಗಿತ್ತು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎನ್ನುವ ಗಾದೆ ಅವನಿಗೆ ನೆನಪಾಗಿ, ಕಟ್ಟಿದರೂ ಈ ಮನೆಯಲ್ಲಿ ಅದರ ಗಂಟೆಯ ವೈರು ಕೀಳುವವರು ಸಿಗುತ್ತಾರಲ್ಲ ಎನ್ನಿಸಿತು. ಎಂಜಿನ್ನಿನ ಮುಚ್ಚಳದ ಸಂದಿನಿಂದ ಸುಟ್ಟ ರಬ್ಬರಿನ ಸಣ್ಣ ವಾಸನೆ ಬರುತ್ತಿತ್ತು. ತೂತು ಒಣಗಿತ್ತು.

“ಎಲ್ಲಾ ಬಂದ್ರಾ? ಬಾರಪ್ಪ ಡಾಕ್ಟ್ರೆ, ನಿನಗೇ ಕಾಯ್ತಿರೋದು,” ಎಂದರು ಮಾವ. ಅವನು ಇಳಿದು ತುದಿಯ ಸೀಟಿನಲ್ಲಿ ಕೂತ. ಕೂತನಲ್ಲ ಎಂದು ತನಗೇ ಆಶ್ಚರ್ಯವಾಯಿತು. ಕಾಲು ಇಷ್ಟೊಂದು ವಿಧೇಯವಾಗಿರುವಾಗ ತಲೆಯೊಂದು ಯಾಕೆ ಬೇಕು. ಷಡ್ಡಕ ಒಂದು ಕಾಲು ಕಟ್ಟೆಯ ಮೇಲೆ, ಒಂದು ಕಾಲು ದೋಣಿಯಲ್ಲಿ ಇಟ್ಟು ಹಗ್ಗದ ಗಂಟಿಗೆ ಕೈ ಹಾಕಿದ. ಮಾವ ಕೊರಳು ಸರಿಮಾಡಿಕೊಂಡರು. ಆ ಕಂಚಿನ ಕಂಠ ಕೆರೆಯ ಮೇಲೆ ಹಾಸಿಕೊಂಡು ಹೋಯಿತು.

“ಆಚೆ ದಡಕ್ಕೆ. ಒಂದು ಸಲ.”

ಹೇಳಬೇಕು. ಎದ್ದು ನಿಂತು, ಎಂಜಿನ್ ಆಫ್ ಮಾಡಿ, ಹೇಳಬೇಕು. ಆದರೆ ಏನೆಂದು? ಪಂಪು ಹೋಗಿದೆ ಎಂದರೆ, ಹಾಗೆಂದು ಯಾರು ಹೇಳಿದರು ಎನ್ನುತ್ತಾರೆ. ಅಲಾರಂ ಹೇಳಿತು ಎನ್ನಬೇಕು. ಯಾವ ಅಲಾರಂ ಎನ್ನುತ್ತಾರೆ. ಅಲ್ಲಿಗೆ ಬಂತು. ಹೇಳುವುದಾದರೆ ಹೇಳಬೇಕಾದದ್ದು ಅದೊಂದೇ, ಅದನ್ನು ಹೇಳಿದವನು ಹದಿನೆಂಟರ ಕಿವಿಯೆಂದು ಹೇಳಿದವನೇ. ಜನರ ಜೀವ ಉಳಿಸಲಿಕ್ಕೆ ಹೇಳುತ್ತಿದ್ದೇನೋ, ಗುಂಡಿ ಒತ್ತುವವನು ಅಂದದ್ದಕ್ಕೆ ಬಡ್ಡಿ ಸಮೇತ ಕೊಡುತ್ತಿದ್ದೇನೋ?

“ಎರಡು ಸಲ.”

“ಬೇಡ,” ಎಂದ ಅವನು.

ಎಂದದ್ದು ನಿಜ. ಹೆಂಡತಿ ಗಕ್ಕನೆ ತಿರುಗಿದಳು, ಅತ್ತಿಗೆಯ ಕೈ ಪಟ್ಟಿಯ ಮೇಲೆ ನಿಂತಿತು, ಷಡ್ಡಕ ಗಂಟು ಬಿಚ್ಚುವುದನ್ನು ಬಿಟ್ಟ. ಸ್ಟೂಲಿನ ಮೇಲಿದ್ದ ಕಾವಲುಗಾರನಿಗೂ ಕೇಳಿಸಿತು. ಮಾವ ಎಲ್ಲರನ್ನೂ ಒಂದು ಸುತ್ತು ನೋಡಿದರು, ಹರಾಜಿನಲ್ಲಿ ಕೊನೆಯ ಬೆರಳಿಗಾಗಿ ಹುಡುಕುವ ಹಾಗೆ. ಯಾರ ಬೆರಳೂ ಮೇಲೆದ್ದಿರಲಿಲ್ಲ.

“ಮೂರು ಸಲ,” ಎಂದು ದೋಣಿಯ ಅಂಚಿಗೆ ಗೆಣ್ಣಿನಿಂದ ಹೊಡೆದರು.

ಷಡ್ಡಕನ ಕೈ ಮತ್ತೆ ಗಂಟಿಗೆ ಹೋಯಿತು. ಆಗ ಕಿರಿಯವನು ಎದ್ದ. ದೋಣಿ ವಾಲಿತು, ಬುಟ್ಟಿ ಉರುಳಿತು. “ನಿಮಗೆ ಕಿವಿ ಕೇಳಲ್ಲ ಮಾವ,” ಎಂದು ಚೀರಿದ. “ಬೆಳಿಗ್ಗೆಯಿಂದ ದೋಣಿ ಬಾಯಿ ಬಡ್ಕೊಳ್ತಿದೆ, ನಿಮಗೊಬ್ರಿಗೆ ಕೇಳ್ತಿಲ್ಲ. ಕಿವಿ ಹೋಗಿದೆ ನಿಮ್ಮದು, ಹೋಗಿ ಎಷ್ಟೋ ವರ್ಷ ಆಯ್ತು.”

ಗಾಳದವರು ಗಾಳ ಬಿಟ್ಟು ನೋಡಿದರು. ನಾಯಿ ತಲೆಯೆತ್ತಿತು. ನೀರಿನ ಮೇಲೆ ಮಾತು ಚೆನ್ನಾಗಿ ಓಡುತ್ತದೆ. ಆಚೆ ದಡದಲ್ಲಿ ಬಟ್ಟೆ ಒಗೆಯುತ್ತಿದ್ದವರು ಕೂಡ ಸೊಂಟ ನೆಟ್ಟಗೆ ಮಾಡಿ ನಿಂತರು.

“ಏನು?” ಎಂದರು ಮಾವ.

ಸಿಟ್ಟಿನಲ್ಲಿ ಅವನ ದನಿ ಮೇಲಕ್ಕೆ, ಹೆಣ್ಣುಮಕ್ಕಳ ಶ್ರುತಿಗೆ ಏರಿ ಹೋಗಿತ್ತು. ಕಿವಿ ಮಂದವಾದವರನ್ನು ಕರೆತಂದ ಸೊಸೆಯರಿಗೆ, ಮಕ್ಕಳಿಗೆ ಅವನು ದಿನವೂ ಹೇಳುವ ಮಾತಿದೆ: ಕಿರುಚಬೇಡಿ, ಎದುರಿಗೆ ಬನ್ನಿ, ದನಿ ತಗ್ಗಿಸಿ ನಿಧಾನವಾಗಿ ಹೇಳಿ. ಈಗ ಊರಿಗೆಲ್ಲ ಹೇಳಿ ಮುಗಿಸಿದ ಮೇಲೆ, ಹೇಳಬೇಕಾದವರಿಗೆ ಹೇಳುವುದು ಬಾಕಿಯಿತ್ತು. ಅವನು ಕೀಲಿ ತಿರುಗಿಸಿ ಎಂಜಿನ್ ನಿಲ್ಲಿಸಿದ. ಮಾವನ ಎದುರು ಕುಕ್ಕರುಗಾಲಿನಲ್ಲಿ ಕೂತ. ಮೊದಲ ಸಲ ಅವರ ಮುಖವನ್ನು ಇಷ್ಟು ಹತ್ತಿರದಿಂದ ನೋಡಿದ. ಕಣ್ಣಿನ ಸುತ್ತ ಎಷ್ಟೊಂದು ಗೆರೆ, ಸದಾ ಬೇರೆಯವರ ಬಾಯಿಯನ್ನೇ ನೋಡಿ ನೋಡಿ ಬಿದ್ದವು.

“ದೋಣಿ ಕೂಗ್ತಿತ್ತು ಮಾವ. ಎಂಜಿನ್ ಸುಡ್ತಿದೆ, ಹೋಗ್ಬಾರ್ದು ಅಂತ. ನಿಮಗೆ ಆ ಸದ್ದು ಕೇಳಲ್ಲ.”

ಮಾವ ಅವನ ತುಟಿಯಿಂದ ಕಣ್ಣಿಗೆ, ಕಣ್ಣಿನಿಂದ ತುಟಿಗೆ ನೋಡಿದರು. “ಹದಿನೆಂಟರದ್ದು ಅಂದಿದ್ದೆಯಲ್ಲ.”

“ಅಂದಿದ್ದೆ.”

“ನೀನು ಬೆರಳು ಎತ್ತಿ ಎತ್ತಿ ತೋರಿಸ್ತಿದ್ದೆ. ನಾನೇನೋ ನಿಮ್ಮಲ್ಲಿ ಪರೀಕ್ಷೆ ಮಾಡೋದೇ ಹಾಗೆ ಅಂದ್ಕೊಂಡೆ.” ಸ್ವಲ್ಪ ಹೊತ್ತು ಲೈಫ್ ಜಾಕೆಟ್ಟಿನ ಬಕಲನ್ನು ತಿರುವಿದರು. ಆಮೇಲೆ, ಯಾರನ್ನೂ ನೋಡದೆ, “ಹಾಗಾದ್ರೆ ನಾನು ಮೂರು ಸಲ ಕೂಗ್ವಾಗ ಯಾರಾದ್ರೂ ಬೇಡ ಅಂದಿದ್ರಾ? ಯಾವತ್ತಾದ್ರೂ?” ಎಂದರು.

ಅವನು ಇದನ್ನು ಎಣಿಸಿರಲಿಲ್ಲ. ಬೈಗುಳಕ್ಕೆ ಸಿದ್ಧನಾಗಿದ್ದ, ಕಣ್ಣೀರಿಗೂ ಒಂದಿಷ್ಟು ಸಿದ್ಧನಾಗಿದ್ದ. ಹೆಂಡತಿ ನೀರು ನೋಡುತ್ತಿದ್ದಳು. ಅತ್ತಿಗೆ ಸೆರಗನ್ನು ಕಿವಿಯಿಂದ ಸರಿಸಿ, ಅಡುಗೆಗೆ ಉಪ್ಪು ಸಾಲದು ಎನ್ನುವಷ್ಟೇ ಸಹಜವಾಗಿ, “ನಾನು ಅಂದಿದ್ದೆ. ಒಂದ್ಸಲ,” ಎಂದಳು.

“ಯಾವ್ದಕ್ಕೆ?” ಎಂದ ಷಡ್ಡಕ, ನಗುತ್ತಲೇ. ಅವಳು ಅವನ ಕಡೆ ನೋಡಿದಳು. ನಗು ಅವನ ಮುಖದಲ್ಲಿ ಇಳಿಯಲು ಜಾಗ ಸಿಗದೆ ಸ್ವಲ್ಪ ಹೊತ್ತು ಹಾಗೆಯೇ ನಿಂತಿತ್ತು.

“ಏನಂದ್ಲು ಅವಳು?” ಎಂದರು ಮಾವ, ಹಿರಿಯ ಅಳಿಯನ ಬಾಯಿ ನೋಡುತ್ತ.

ಕಿರಿಯವನು ತಾನೇ ಹೇಳಿಬಿಡೋಣವೆಂದು ಬಾಯಿ ತೆರೆದ. ಷಡ್ಡಕ ಬೇಡವೆಂದು ಕೈ ಮಾಡಿದ. ಹಗ್ಗ ಬಿಟ್ಟು, ಕಟ್ಟೆಯ ಮೇಲಿದ್ದ ಕಾಲನ್ನೂ ದೋಣಿಯೊಳಕ್ಕೆ ತಂದು, ಬಗ್ಗಿ, ಮಾವನ ಕಿವಿಯ ಹತ್ತಿರ ಬಾಯಿ ತಂದ. ಅವನ ದನಿ ತಾನೇ ತಾನಾಗಿ ತಗ್ಗಿತ್ತು. “ಒಂದ್ಸಲ ಬೇಡ ಅಂದಿದ್ಲಂತೆ ಮಾವ. ನಿಮಗೆ ಕೇಳಿಸ್ಲಿಲ್ವಂತೆ.”

ಮಾವ ತಲೆಯಾಡಿಸಿದರು. ಬಹಳ ಹೊತ್ತು ಆಡಿಸಿದರು. “ಆಗ ಕೆಳಗೆ ಕಿತ್ತೆಯಲ್ಲ, ಆ ವೈರು ಹಾಕು,” ಎಂದರು. “ಕೀಲಿ ತಿರುಗ್ಸು. ಎಂಜಿನ್ ಬೇಡ, ಅದೊಂದೇ.”

ಷಡ್ಡಕ ಡ್ಯಾಶ್‌ಬೋರ್ಡಿನ ಕೆಳಗೆ ಹೋಗಿ, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಅಲ್ಲಿಯೇ ಇದ್ದು, ವೈರು ಸಿಕ್ಕಿಸಿ, ಮೇಲೇಳದೆಯೇ ಕೈ ಚಾಚಿ ಕೀಲಿ ತಿರುಗಿಸಿದ. ಎಂಜಿನ್ ಇನ್ನೂ ಕಾದೇ ಇತ್ತು. ಪೀಂ ಎಂದು ಸದ್ದು ಎದ್ದಿತು. ಮಾವ ಸೀಟಿನಿಂದ ಮುಂದಕ್ಕೆ ಜರುಗಿ, ಸ್ಟೀರಿಂಗಿನ ಕೆಳಗೆ ತಡಕಿ, ಸದ್ದಿಗೆ ನಡುಗುತ್ತಿದ್ದ ಕರಿಯ ಡಬ್ಬಿಯ ಮೇಲೆ ನಾಲ್ಕು ಬೆರಳಿಟ್ಟರು. ಇಟ್ಟು, ಹಾಗೆಯೇ ಕೂತರು. ಹೆಂಡತಿ ಕಿವಿ ಮುಚ್ಚಿಕೊಳ್ಳಲು ಕೈ ಎತ್ತಿದವಳು ಕ್ಷಣ ತಡೆದು ಇಳಿಸಿದಳು. ಕಾವಲುಗಾರ ಸ್ಟೂಲು ಮಡಚಿಕೊಂಡು ಹೋದ. ಅರ್ಧ ಬಿಚ್ಚಿದ್ದ ಹಗ್ಗದ ತುದಿಯನ್ನು ಅತ್ತಿಗೆ ಎಳೆದು ಕೊಂಡಿಗೆ ಮತ್ತೆ ಸುತ್ತಿದಳು. ಕೀಲಿಯ ಕಡೆ ಯಾರ ಕೈಯೂ ಹೋಗಲಿಲ್ಲ. ಎಂಜಿನ್ ಮೆಲ್ಲಗೆ ತಣ್ಣಗಾಗುತ್ತಾ ಬಂತು, ಪೀಂ ಸದ್ದು ಒಮ್ಮೆ ತುಂಡಾಗಿ, ಮತ್ತೆ ಹಿಡಿದು, ನಿಂತಿತು. ಯಾರೂ ಹೇಳುವ ಮೊದಲೇ ಮಾವ ಕೈ ತೆಗೆದರು.